ಕರ್ತರಿ, ಕರ್ಮಣಿ

ನೆಹರೂ ರಸ್ತೆಯ ಅಂಗಡಿಯಲ್ಲಿ ಎರಡು ಡಿಐ ಡಬ್ಬಿ,
ಗಾಜಿನ ಮೇಲೆ ಅಕ್ಕಪಕ್ಕ.
‘ಆಕ್ಟಿವ್ ಬೇಕೋ, ಪ್ಯಾಸಿವ್ ಬೇಕೋ?’
ಜೇಬಿನಲ್ಲಿ ಒಂದಕ್ಕೆ ಮಾತ್ರ ದುಡ್ಡು.
ನಾನು ಬಂದದ್ದು
ಅಂಬುಜಾಕ್ಷಿ ಟೀಚರ ಮಂದ್ರವನ್ನು ಹುಡುಕಿಕೊಂಡು.

ಆದದ್ದಿಷ್ಟು.
ವಿನೋಬನಗರದ ಸಭಾಭವನ, ಕಛೇರಿಗೆ ಇನ್ನೂ ಎರಡು ದಿನ.
ವೀಣೆಯ ಕುದುರೆಯ ಪಕ್ಕ ಮೇಣದಲ್ಲಿ ಕೂರಿಸಿದ್ದೆ
ಎಂಟಾಣೆಯಗಲದ ಪಿಕಪ್ಪು.
ಅದರ ವಯರು ಖುದ್ದೂಸ್ ಸಾಬರ ಕಪ್ಪು ಡಬ್ಬಿಗೆ,
ಡಬ್ಬಿಯಿಂದ ಮಿಕ್ಸರಿಗೆ.
ಟೀಚರು ಸಾರಣಿಯಿಂದ ಇಳಿಯುತ್ತ ಇಳಿಯುತ್ತ
ಅನುಮಂದ್ರದ ತಂತಿ ಮೀಟಿದರು.
ಸ್ಪೀಕರಿನಲ್ಲಿ ಬಂದದ್ದು
ಬೆಂಕಿಪೊಟ್ಟಣದೊಳಗಿನ ಜೀರುಂಡೆ.

‘ನನ್ನ ಮಂದ್ರ ಎಲ್ಲಿ ಹೋಯ್ತಪ್ಪ, ಸಿಲ್ವೆಸ್ಟರ್?’
ಗುಡಿಯ ಹೊರಗೆ ಚಪ್ಪಲಿ ಕಾಣದವರ ಹಾಗೆ ಕೇಳಿದರು.
ಬೈಯಲಿಲ್ಲ. ಕಷ್ಟವಾದದ್ದೇ ಅದು.

ಸಾಬರ ಡಬ್ಬಿಯದು ತಪ್ಪಲ್ಲ.
ಅದರೊಳಗೆ ಒಂದು ಟ್ರಾನ್ಸ್‌ಫಾರ್ಮರು, ಮತ್ತೇನಿಲ್ಲ:
ಭದ್ರಾವತಿಯ ಗುಜರಿಯಲ್ಲಿ ಆರಿಸಿದ ಕಬ್ಬಿಣದ ತಗಡು,
ರಂಜಾನಿನ ಒಂದು ತಿಂಗಳು ರಾತ್ರಿ ಕೂತು
ಸಾಬರು ಎಣಿಸಿ ಎಣಿಸಿ ಸುತ್ತಿದ ತಾಮ್ರದ ಎಳೆ.
ಬ್ಯಾಟರಿ ಕೇಳದು, ಕರೆಂಟು ಕೇಳದು.
ಲಾರಿಯಿಂದ ಬಿದ್ದಿದೆ, ಯಾರದೋ ಕಾಫಿ ಕುಡಿದಿದೆ,
ಗಣಪತಿ ಪೆಂಡಾಲಿನಲ್ಲಿ ಕೀಬೋರ್ಡು ಎಷ್ಟು ಕಿರುಚಿದರೂ
ನುಂಗಿ, ಮೆತ್ತಗೆ ಮಾಡಿ ದಾಟಿಸಿದೆ.
ಜೋರಾದವರ ಜೊತೆ ಅದಕ್ಕೆ ಬಲು ಹೊಂದಾಣಿಕೆ.
ಮೆಲುದನಿಯವರು ಬಂದರೆ ಮಾತ್ರ
ಬಾಗಿಲಲ್ಲೇ ಮೈಭಾರ ಹಾಕಿ ಒರಗುತ್ತದೆ ಅವರ ಮೇಲೆ.
ಪಿಕಪ್ಪು ಬಡಕಲು, ಹೊರಲಾರದು,
ಮೊದಲು ಕೈಬಿಡುವುದು ಮಂದ್ರವನ್ನೇ.

ಟ್ಯಾಂಕ್ ಮೊಹಲ್ಲಾದ ಮನೆಯಿಂದ ಫೋನಿನಲ್ಲಿ ಸಾಬರು:
‘ಜೀವ ಇರೋ ವಾದ್ಯಕ್ಕೆ ಜೀವ ಇಲ್ಲದ ಡಬ್ಬಿ,
ಜೀವ ಇಲ್ಲದ್ದಕ್ಕೆ ಜೀವ ಇರೋದು. ಇಷ್ಟೇ ಲೆಕ್ಕ.’
‘ವೀಣೆಗೆ ಜೀವ ಇಲ್ವಾ ಸಾಬ್?’
‘ಬ್ಯಾಟರಿ ಮಾತಾಡ್ತಿದೀನಿ, ಹುಚ್ಚ.’

ಟೀಚರಿಗೆ ಇದನ್ನು ವಿವರಿಸಿದರೆ ಕಣ್ಣರಳಿಸಿದರು.
‘ಅಂದ್ರೆ ಕರ್ತರಿ, ಕರ್ಮಣಿ!
ಎಂಟನೇ ಕ್ಲಾಸಲ್ಲಿ ಮಾಡಿದ್ದೆನಲ್ಲೋ ನಿಂಗೆ.
ಸಿಲ್ವೆಸ್ಟರನು ವಯರನ್ನು ಜೋಡಿಸಿದನು.
ಸಿಲ್ವೆಸ್ಟರನಿಂದ ವಯರು...?’
‘ಜೋಡಿಸಲ್ಪಟ್ಟಿತು, ಟೀಚರ್.’
ಎರಡು ಅಂಕಕ್ಕೆ ಬರೆದದ್ದೇ ಬಂತು.
ಗೋಪಿ ಸರ್ಕಲ್ಲಿನಲ್ಲಿ ನಿಂತು ದಿನವಿಡೀ ಕಿವಿಗೊಟ್ಟರೂ
ಯಾರ ಬಾಯಲ್ಲೂ ಒಂದು ‘ಪಟ್ಟಿತು’ ಸಿಗದು,
ಪತ್ರಿಕೆಯವರದು ಬಿಟ್ಟು.

ಕರ್ತರಿ ಕೊಂಡೆ.
ಮಿಕ್ಸರಿನಿಂದ ನಲವತ್ತೆಂಟು ವೋಲ್ಟು ಉಣ್ಣುವಂಥದು,
ಭಾರ ಹಾಕದೆ, ದೂರ ನಿಂತು,
ಬೆರಳ ತುದಿಯಲ್ಲಿ ನಾಡಿ ಹಿಡಿಯುವಂಥದು.
ಉಪಾಯವೆಂದು ಶ್ರುತಿಪೆಟ್ಟಿಗೆಯನ್ನೂ ಅದಕ್ಕೇ ಹಾಕಿ ನೋಡಿದೆ,
ಗೊರಗೊರ ಎಂದಿತು, ತುತ್ತು ದೊಡ್ಡದಾಗಿ.
ಸರಿ, ಶ್ರುತಿ ಸಾಬರ ಕಪ್ಪು ಡಬ್ಬಿಗೆ.
ಎಲ್ಲಿಂದಲೋ ಗುಂಯ್ ಎಂಬ ಸದ್ದು.
ನೆಲದ ಸಂಬಂಧ ಕಡಿಯುವ ಸಣ್ಣ ಗುಂಡಿ ಒತ್ತಿದೆ.
ನಿಂತಿತು.

ಕಛೇರಿಯ ಸಂಜೆ ಸಾಬರು ಬಂದು
ಕೊನೆಯ ಸಾಲಿನ ಬೆಂಚಿನಲ್ಲಿ ಕೂತರು.
ಮೂವತ್ತು ವರ್ಷ ಸ್ಪೀಕರಿನ ಮಗ್ಗುಲಲ್ಲಿ ನಿಂತು
ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೇಳಿಕೊಳ್ಳುವಂತಿಲ್ಲ.
ಮೇಲಿನ ಸ್ಥಾಯಿಯಲ್ಲಿ ಟೀಚರು ಓಡಾಡುವಾಗ
ಅವರು ಸೀಲಿಂಗ್ ಫ್ಯಾನು ನೋಡುತ್ತಿದ್ದರು.
ಆಮೇಲೆ ಟೀಚರು ಅವಸರವಿಲ್ಲದೆ
ಮೆಟ್ಟಿಲು ಮೆಟ್ಟಿಲಾಗಿ ಇಳಿದು,
ತಂತಿಯೊಂದನ್ನು ಮೀಟಿ, ಬಿಟ್ಟರು.

ಸಾಬರ ಅಂಗೈ ಬೆಂಚಿನ ಹಲಗೆಯ ಮೇಲಿತ್ತು.
ಹಲಗೆಯನ್ನೇ ನೋಡಿದರು, ಆಮೇಲೆ ನನ್ನನ್ನು.
‘ಬಂತು’ ಎಂದರು.

ಎರಡನೆಯ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು:
ವೀಣಾವಾದನ ಏರ್ಪಡಿಸಲ್ಪಟ್ಟಿತ್ತು.
ಟೀಚರು ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿ
ಫೋಟೋ ಕಳಿಸಿದ್ದಾರೆ,
ಎರಡಕ್ಕೆ ಒಂದೂವರೆ ಅಂಕ.